ಶೆದ್ಲಿ ಬಿಚ್ಚದ ಕೋಟು

ನಮ್ಮ ಬ್ಯಾಂಕಿನ ಗುಮಾಸ್ತ ಶೆದ್ಲಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಟ್ಯೂನಿಸ್ಸಿನ ಬಿಸಿಲಿಗೆ ಗೋಡೆಗಳೇ ಬೆವರುವಾಗಲೂ ಈ ಮಹಾರಾಯ ಕೋಟು ಬಿಚ್ಚುತ್ತಿರಲಿಲ್ಲ. ಹಳೆ ಬಟ್ಟೆ ಸಂತೆಯಲ್ಲಿ ವಿಲಾಯಿತಿಯಿಂದ ಬಂದ ಬಟ್ಟೆಗಂಟು ಬಿಚ್ಚುವ ದಿನ ಬೆಳಗಾಗುವ ಮೊದಲೇ ಹೋಗಿ ನಿಲ್ಲುತ್ತಿದ್ದ. ಯಾವನೋ ಸತ್ತ ಫ್ರೆಂಚನ ಕೋಟನ್ನು ಮೂಸಿ, ಒಳಪದರ ತಿರುಗಿಸಿ, ಹೊಲಿಗೆ ಜಗ್ಗಿ ನೋಡಿ, ಹೆಣ್ಣು ನೋಡಲು ಬಂದವನ ಹಾಗೆ ಬಿಗುಮಾನ ಮಾಡಿ ಕೊಳ್ಳುತ್ತಿದ್ದ. "ಯಾವ ಮದುವೆಗೆ ಹೊರಟ್ರಿ ಸಾಹೇಬ್ರೇ? ಬಿಚ್ರೀ ಆ ಕೋಟು, ನೋಡೋಕೇ ಸೆಖೆ ಆಗುತ್ತೆ," ಎಂದು ನಾನು ಕೇಳಿದರೆ ನನಗೇ ಉಪದೇಶ ಶುರು: "ಲೇ ಮೊಂಜಿ, ಕೌಂಟರಿನ ಆಚೆಯವರಿಗೆ ಕಾಣೋದು ನಮ್ಮ ಅರ್ಧ ಮೈ. ಆ ಅರ್ಧ ಲಕಲಕ ಅಂತಿದ್ರೆ ಸಾಕು ಕಣೋ!" ಟೈ ಕಟ್ಟದವರ ಭತ್ಯೆ ಹಿಡಿಯುವ, ಸಂಬಳ ಏರಿಸಿ ಎಂದರೆ ಮಾತ್ರ ಕಿವುಡನಾಗುವ ನಮ್ಮ ಮ್ಯಾನೇಜರು ಇವನನ್ನೇ ತೋರಿಸಿ, "ಅವರನ್ನ ನೋಡಿ ಕಲೀರಿ," ಎಂದು ನಮಗೆ ಉಗಿಯುತ್ತಿದ್ದ. ಮೊನ್ನೆ ಕರೆಂಟು ಹೋದಾಗ ಶೆದ್ಲಿ ಸೆಖೆ ತಾಳದೆ ಕುರ್ಚಿಯಿಂದ ಉರುಳಿಬಿದ್ದ. ಗಾಳಿಯಾಡಲೆಂದು ನಾವೇ ಕೋಟು ಬಿಚ್ಚಿದೆವು. ಅಂಗಿಯ ಕಾಲರು, ಕೈಪಟ್ಟಿ ಹಾಲಿನಂತೆ ಬೆಳ್ಳಗಿದ್ದವು. ಬೆನ್ನಿನ ಕಡೆ ಅಂಗಿಯೇ ಇರಲಿಲ್ಲ. ಕಾಲರು ಸವೆದಾಗಲೆಲ್ಲ ಬೆನ್ನಿನ ಬಟ್ಟೆಯನ್ನೇ ಕತ್ತರಿಸಿ ಹೊಸ ಕಾಲರು ಹೊಲಿದುಕೊಂಡಿದ್ದ. ನಾನು ನೀರಿಗೆಂದು ಓಡುತ್ತಿದ್ದೆ, ಹಿಂದಿನಿಂದ ಮ್ಯಾನೇಜರು ಕಿರುಚಿದ: "ನೀರು ಆಮೇಲೆ! ಮೊದಲು ಅವರಿಗೆ ಕೋಟು ಹಾಕ್ರೀ, ಗಿರಾಕಿಗಳು ನೋಡ್ತಿದಾರೆ!"