ಅಕ್ಕನ ಕಿವಿ ಕೊಪ್ಪದಲ್ಲಿದೆ

‘ನಿಮ್ಮ ಪಾರ್ಸೆಲ್ ನಿಮಗೆ ಅತಿ ಹತ್ತಿರದಲ್ಲಿದೆ’ ಎಂಬ ವಾಕ್ಯವನ್ನು ನನ್ನ ಫೋನು ಒಂಬತ್ತು ದಿನಗಳಲ್ಲಿ ಏಳು ಸಲ ತೋರಿಸಿತು. ದೇವರ ವಿಷಯದಲ್ಲಿ ಇಂಥ ಮಾತನ್ನು ಹಿರಿಯರು ಹೇಳಿದಾಗ ಭಕ್ತಿಯಿಂದ ತಲೆದೂಗಿದ್ದೇನೆ. ಪಾರ್ಸೆಲ್ಲಿನ ವಿಷಯದಲ್ಲಿ ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ. ರೈಲೇ ಇಲ್ಲದ ಶೃಂಗೇರಿಯಲ್ಲಿ ಮೂವತ್ತು ವರ್ಷ ‘ಒಂದು ರೈಲು ಇಷ್ಟು ವೇಗದಲ್ಲಿ ಹೊರಟರೆ’ ಎಂದು ಲೆಕ್ಕ ಕೊಟ್ಟು, ಉತ್ತರ ತಪ್ಪಿದವರ ಕಿವಿ ಹಿಂಡಿದ ಗಣಿತದ ಮೇಷ್ಟ್ರು ನಾನು. ಅದೇ ಕರ್ಮವೋ ಏನೋ, ನಿವೃತ್ತಿಯ ಬಳಿಕ ಕಿವಿಯೊಂದನ್ನೇ ಹುಡುಕಿಕೊಂಡು ಅಲೆಯುವ ಪ್ರಾರಬ್ಧ ಒದಗಿತು.

ಕಿವಿ ನನ್ನ ಅಕ್ಕನದು. ಮುತ್ತಿನಕೊಪ್ಪದಲ್ಲಿ ರಸ್ತೆ ಬದಿಗೇ ಅವಳ ಮನೆ. ಅವಳ ಕಿವಿಯ ಮಷಿನ್ ಕೆಟ್ಟು ಶಿವಮೊಗ್ಗಕ್ಕೆ ರಿಪೇರಿಗೆ ಹೋಗಿತ್ತು. ಬರುವ ಭಾನುವಾರ ಅವಳ ಮೊಮ್ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಮ್ಮ ಬಳಗದಲ್ಲಿ ಯಾವ ಮಗು ತೊಟ್ಟಿಲೇರಿದರೂ ಜೋಗುಳ ಅಕ್ಕನದೇ. ನನ್ನ ಮಕ್ಕಳಿಗೂ ಅವಳೇ ಹಾಡಿದ್ದು. ಈ ಸಲ ಮಾತ್ರ, “ನನ್ನ ದನಿ ನಂಗೇ ಕೇಳೂದಿಲ್ಲ, ಎಂತ ಹಾಡೂದು? ಬೇರೆಯೋರು ಹಾಡ್ಲಿ” ಎಂದುಬಿಟ್ಟಿದ್ದಳು. ಹಾಗೆಂದವಳು ಮುಖ ಆಚೆ ತಿರುಗಿಸಿಕೊಂಡದ್ದನ್ನು ಕಂಡು ನನಗೆ ಸಂಕಟವಾಯಿತು.

ರಿಪೇರಿ ಅಂಗಡಿಯವರು ಫೋನಿನಲ್ಲಿ ಸರಳವಾಗಿಯೇ ಕೇಳಿದ್ದರು: “ಬಸ್ಸಿಗೆ ಹಾಕ್ಲಾ ಸಾರ್?” ನಮ್ಮ ಕಡೆ ತಲೆತಲಾಂತರದಿಂದ ನಡೆದುಬಂದ ಕ್ರಮವಿದು. ಪೊಟ್ಟಣದ ಮೇಲೆ ಹೆಸರು ಬರೆದು ಕಂಡಕ್ಟರ್ ಕೈಗಿತ್ತು, ‘ಮೂರೂವರೆ ಬಸ್ಸಿಗೆ ಹಾಕಿದ್ದೇನೆ’ ಎಂದು ತಿಳಿಸಿದರೆ, ಆ ಹೊತ್ತಿಗೆ ರಸ್ತೆಗೆ ಬಂದು ನಿಂತವರಿಗೆ ಮಾತ್ರೆ, ಮಗ್ಗದ ಸೀರೆ, ಪಂಪಿನ ವಾಷರು, ಎಲ್ಲವೂ ತಲುಪುತ್ತಿದ್ದವು. ಆದರೆ ನಾನು ಆಧುನಿಕ. ನಮ್ಮ ಭಾಗದಲ್ಲಿ ಹೊಸದಾಗಿ ಓಡಾಡುತ್ತಿದ್ದ ಪಾರ್ಸೆಲ್ ಸಂಸ್ಥೆಯೊಂದರಲ್ಲೇ ಕಳಿಸಬೇಕೆಂದೂ, ಅದರಲ್ಲಿ ಟ್ರ್ಯಾಕಿಂಗ್ ಎಂಬ ದಿವ್ಯದೃಷ್ಟಿ ಇರುವುದೆಂದೂ ಅವರಿಗೇ ಪಾಠ ಮಾಡಿದೆ. ಸಂದೇಶಗಳು ನನಗೆ ಬರಲಿ, ಪಡೆಯುವವರ ನಂಬರು ಮಾತ್ರ ಅಕ್ಕನದೇ ಇರಲಿ, ವಸ್ತು ಅವಳದಲ್ಲವೇ, ಎಂದು ಔದಾರ್ಯವನ್ನೂ ಮೆರೆದೆ.

ಪಾರ್ಸೆಲ್ ಶಿವಮೊಗ್ಗದಿಂದ ಹೊರಟು ಅಕ್ಕನ ಮನೆಯೆದುರೇ ಹಾದು, ನರಸಿಂಹರಾಜಪುರವನ್ನು ದಾಟಿ, ಕೊಪ್ಪಕ್ಕೆ ಹೋಗಿ ಮಲಗಿತು. ಮರುದಿನ ನರಸಿಂಹರಾಜಪುರಕ್ಕೆ ಬಂತು. ಅದರ ಮರುದಿನ ಮತ್ತೆ ಕೊಪ್ಪ. ಒಂದು ದಿನ ಇದ್ದಕ್ಕಿದ್ದಂತೆ ಶೃಂಗೇರಿಗೇ, ನನ್ನ ಮನೆಯ ಕೂಗಳತೆಗೇ ಬಂದಿತು. ಚಪ್ಪಲಿ ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ವ್ಯಾನು ಹೊರಟಾಗಿತ್ತು. ಇದು ವೃತ್ತವೋ ತ್ರಿಕೋನವೋ ಎಂದು ಗೆರೆ ಎಳೆದು ನೋಡಿದೆ. ಯಾವ ಪ್ರಮೇಯಕ್ಕೂ ಹೊಂದಲಿಲ್ಲ. ನಡುನಡುವೆ ‘ಗ್ರಾಹಕರ ಕೋರಿಕೆಯ ಮೇರೆಗೆ ವಿತರಣೆ ಮುಂದೂಡಲಾಗಿದೆ’ ಎಂಬ ಒಕ್ಕಣೆ ಬೇರೆ. ಯಾವ ಗ್ರಾಹಕ? ಅಕ್ಕನ ಮಗನನ್ನು ಕೇಳಿದರೆ, “ಇಲ್ಲಿಗೆ ಯಾರೂ ಬರ್ಲಿಲ್ಲ ಮಾವ” ಎಂದ.

ಈ ಗೊಂದಲದ ನಡುವೆಯೂ ನಾನೊಂದು ನೇಮ ತಪ್ಪಿಸಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಅಕ್ಕನಿಗೆ ಫೋನು ಮಾಡುವುದು ನನ್ನ ಹಳೆಯ ರೂಢಿ. ಕಿವಿ ಕೇಳದಿದ್ದರೂ ಸೊಂಟಕ್ಕೆ ಸಿಕ್ಕಿಸಿದ ಫೋನು ನಡುಗಿದ್ದು ಅವಳಿಗೆ ತಿಳಿಯುತ್ತದೆ. ಎತ್ತಿಕೊಂಡು, ಕಾಫಿಯಾಯಿತು, ದನ ಕಟ್ಟಿ ಬಂದೆ, ಮಂಡಿ ಇವತ್ತು ಪರವಾಗಿಲ್ಲ ಎಂದೆಲ್ಲ ತನ್ನ ಪಾಡಿಗೆ ಹೇಳಿ ಇಡುತ್ತಾಳೆ. ನಾನೂ ನನ್ನ ಪಾಡಿಗೆ, ಪಾರ್ಸೆಲ್ಲು ಈಗ ಕೊಪ್ಪದಲ್ಲಿದೆ ಅಕ್ಕ, ಹೆದರಬೇಡ, ಎಂದು ಕೇಳದ ಕಿವಿಗೆ ವರದಿ ಒಪ್ಪಿಸುತ್ತಿದ್ದೆ.

ಶುಕ್ರವಾರ ತಾಳ್ಮೆ ಕೆಟ್ಟು ಕೊಪ್ಪದ ಆಫೀಸಿಗೇ ಹೋಗಿ ಜಗಳ ತೆಗೆದೆ. ಪಾರ್ಸೆಲ್ ಹಂಚುವವರು ಅಲ್ಲೇ ಇದ್ದರು. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನಂಬರು ನೋಡಿದ್ದೇ ಅವರ ಮುಖ ಅರಳಿತು.

“ಓ, ಈ ಅಮ್ಮನದಾ! ದಿನಾ ಫೋನ್ ಮಾಡ್ತೇನೆ ಸಾರ್. ಎತ್ತಿ, ‘ನಾ ಚೆನ್ನಾಗಿದ್ದೇನೆ ಮಾರಾಯ, ನಿಂದು ಊಟ ಆಯ್ತನಾ? ಮಷಿನ್ ಬಂದ್ಮೇಲೆ ಮಾತಾಡುವ, ಈಗ ಇಡು’ ಅಂತಾರೆ. ಮಷಿನ್ ಬಂದ್ಮೇಲೆ ಅಂದ್ರಲ್ಲ, ಅದ್ಕೇ ಮುಂದೆ ಹಾಕಿದ್ದು.”

ಮಷಿನ್ ಇದ್ದದ್ದು ಅವರ ಕೈಯಲ್ಲಿದ್ದ ಪೆಟ್ಟಿಗೆಯೊಳಗೇ ಎಂದಾಗ ಅವರು ಹಣೆ ಚಚ್ಚಿಕೊಂಡರು. ನಾನು ಯಾರ ಹಣೆ ಚಚ್ಚಲಿ? ನಂಬರು ಬರೆಸಿದವನು ನಾನೇ. ಫೋನು ನಡುಗಿದರೆ ಅದು ತಮ್ಮನದೇ ಎಂದು ಅಕ್ಕ ನಂಬಿದ್ದಳು. ನನ್ನ ಹೊರತು ಅವಳಿಗೆ ಫೋನು ಮಾಡುವವರು ಬೇರೆ ಯಾರಿದ್ದಾರೆ?

“ಊಟ ಆಯ್ತಾ ಅಂತ ನನ್ನ ಕೇಳೋರು ಅವ್ರೊಬ್ರೇ ಸಾರ್,” ಎಂದು ನಕ್ಕರು ಅವರು. “ನಮ್ಮ ಗಾಡಿ ಇನ್ನು ಆ ಕಡೆ ಹೋಗೂದು ಸೋಮವಾರವೇ. ಒಂದು ಕೆಲಸ ಮಾಡುವ, ಬಸ್ಸಿಗೆ ಹಾಕುವ.”

ನಾನು ತೆಪ್ಪಗೆ ಅದೇ ಬಸ್ಸು ಹತ್ತಿದೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆಂದರೆ ಕಂಡಕ್ಟರು, “ಹೆಸರು ನಿಮ್ದಲ್ವಲ್ಲ ಮೇಷ್ಟ್ರೇ, ಅಮ್ಮನ ಕೈಗೇ ಕೊಡ್ತೇನೆ” ಎಂದು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲಿಟ್ಟರು. ಮುತ್ತಿನಕೊಪ್ಪದವರೆಗೂ ಅದರ ಮೇಲಿನ ಕಣ್ಣು ಕೀಳಲಿಲ್ಲ.

ಅಕ್ಕನ ಮಗ ಅವಳನ್ನು ರಸ್ತೆಗೆ ಕರೆತಂದು ನಿಲ್ಲಿಸಿದ್ದ. ಅಲ್ಲೇ ನಿಂತು ಮಷಿನ್ ಕಿವಿಗಿಟ್ಟುಕೊಂಡಳು. ಬಸ್ಸು ಹೊರಟ ಸದ್ದಿಗೆ ಬೆಚ್ಚಿ ನಕ್ಕಳು. ಆಮೇಲೆ ಕೇಳಿದಳು: “ದಿನಾ ಬೆಳಿಗ್ಗೆ ಫೋನಲ್ಲಿ ಎಂತ ಹೇಳ್ತಿದ್ದೆ ಮಾರಾಯ? ನಂಗೊಂದೂ ಕೇಳ್ತಿರ್ಲಿಲ್ಲ.”

ಒಂಬತ್ತು ದಿನಗಳ ಭೂಗೋಳವನ್ನೆಲ್ಲ ನುಂಗಿಕೊಂಡು, “ಎಂತ ಇಲ್ಲ ಅಕ್ಕ, ಕಾಫಿ ಆಯ್ತಾ ಕೇಳ್ತಿದ್ದೆ” ಎಂದೆ.

“ಹೌದು, ಅದ್ಕೇ ನಾ ಆಯ್ತು ಅಂದದ್ದು,” ಎಂದಳು.

ಭಾನುವಾರ ಅಕ್ಕ ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. ಪಕ್ಕದಲ್ಲೇ ಕುಳಿತಿದ್ದ ನನ್ನ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದರೆ ಅದೇ ವಾಕ್ಯ: ‘ನಿಮ್ಮ ಪಾರ್ಸೆಲ್ ನಿಮಗೆ ಅತಿ ಹತ್ತಿರದಲ್ಲಿದೆ.’ ಎಂಟನೆಯ ಸಲ ಲೆಕ್ಕ ಸರಿಯಾಗಿತ್ತು.