ಕಿರುಬಂಡೆಗೆ ದಾಟಿಸಿದ ಅರವತ್ತಮೂರು ಮರಿಗಳು

ಬೇಸಿಗೆ ಮುಗಿಯಲು ಇನ್ನು ನಾಲ್ಕೈದು ವಾರವಿತ್ತು. ಗುರುವಾರ, ಬೆಳಗಿನ ಐದೂವರೆ. ಅಂದು ಕಡಲ ನಡುವಿನ ದೊಡ್ಡಬಂಡೆಯ ಮೇಲೆ ಸತ್ತು ಬಿದ್ದಿದ್ದು ಒಂದೇ ಹಕ್ಕಿ. ಕತ್ತು ಬೆನ್ನಿನ ಕಡೆಗೆ ತಿರುಚಿಕೊಂಡಿತ್ತು. ವಯಸ್ಸಾದ ಹಕ್ಕಿಯಿರಬೇಕು ಎಂದುಕೊಂಡು, ಬಂಡೆ ಕಾಯುವ ಲೆಕ್ಕದಕ್ಕ ಅದನ್ನು ಬರಿಗೈಯಲ್ಲೇ ಎತ್ತಿ, ರೆಕ್ಕೆ ಮಡಚಿ, ಕಡಲಿಗೆ ಬಿಟ್ಟರು.

ಇವತ್ತು ಇಪ್ಪತ್ತನೆಯ ದಿನ, ಮಂಗಳವಾರ. ಹೊತ್ತು ಅದೇ. ಇದನ್ನು ಬರೆಯಲು ನಾನೂ ದೋಣಿಯಲ್ಲಿದ್ದೇನೆ. ದೋಣಿ ಬಂಡೆಗೆ ತಾಗುವ ಮೊದಲೇ ವಾಸನೆ ಎದುರುಗೊಳ್ಳುತ್ತದೆ. ಲೆಕ್ಕದಕ್ಕ ಮೈತುಂಬ ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟಿದ್ದಾರೆ. ಒಂದರ ಮೇಲೊಂದು ಎರಡು ಜೊತೆ ಕೈಗವಸು. ಮುಖಗವಸಿನ ದಾರವನ್ನು ಬಿಗಿಯುವಾಗ ಹುಟ್ಟು ಹಿಡಿದು ಕೂತ ಅವರ ಯಜಮಾನರು ಎಂದಿನಂತೆ ಒಂದು ಮಾತು ಎಸೆಯುತ್ತಾರೆ.

"ಮದುವೆ ದಿನವೂ ನೀನು ಇಷ್ಟು ಬೆಳ್ಳಗೆ ಕಂಡಿರ್ಲಿಲ್ಲ ಕಣೇ."

"ಅವತ್ತು ನೀವೆಲ್ಲಿ ನನ್ನ ನೋಡಿದ್ರಿ? ಊಟದ ಕಡೆ ಕಣ್ಣಿತ್ತು ನಿಮಗೆ. ದೋಣಿ ಗಟ್ಟಿ ಹಿಡೀರಿ ಈಗ."

ಇಬ್ಬರೂ ನಗುವುದಿಲ್ಲ. ದಿನವೂ ಹೇಳುವ ಮಾತು, ದಿನವೂ ಬರುವ ಉತ್ತರ. ಇದನ್ನೂ ಆಡದಿದ್ದರೆ ಬಂಡೆ ಹತ್ತಲು ಕಾಲು ಬರುವುದಿಲ್ಲ ಎನ್ನುತ್ತಾರೆ ಅಕ್ಕ.

ಬಂಡೆಯ ಮೇಲೆ ಅವರು ಮಾಡುವ ಕೆಲಸಕ್ಕೆ ಹೆಸರೇನೂ ಇಲ್ಲ. ಬಾಗುವುದು, ಎತ್ತುವುದು, ಚೀಲಕ್ಕೆ ಹಾಕುವುದು. ದೊಡ್ಡ ಹಕ್ಕಿಯಾದರೆ ಚೀಲಕ್ಕೆ ಐದು, ಮರಿಯಾದರೆ ಹದಿನೈದು. ಬಾಯಿ ಕಟ್ಟಿ, ಆ ಚೀಲವನ್ನು ಇನ್ನೊಂದು ಚೀಲದೊಳಗಿಟ್ಟು ಮತ್ತೆ ಕಟ್ಟುವುದು. ದಡಕ್ಕೆ ತಂದು ಆಳುದ್ದದ ಗುಂಡಿಗೆ ಹಾಕಿ ಸುಣ್ಣ ಸುರಿಯುವುದು. ಹತ್ತು ಹಕ್ಕಿ ಎತ್ತಿದರೆ ಬಲ ಜೇಬಿನಿಂದ ಒಂದು ಕಲ್ಲು ಎಡ ಜೇಬಿಗೆ ಹೋಗುತ್ತದೆ. ಬದುಕಿರುವ ಹಕ್ಕಿಗಳನ್ನು ಮೂವತ್ತೊಂದು ವರ್ಷ ಹೀಗೇ ಎಣಿಸಿದ್ದರಿಂದಲೇ ಊರವರು ಅವರಿಗೆ ಲೆಕ್ಕದಕ್ಕ ಎಂದು ಹೆಸರಿಟ್ಟಿದ್ದು. ಇವತ್ತಿನ ಎಣಿಕೆ ಎಂಬತ್ತಾರು. ಹನ್ನೊಂದನೆಯ ದಿನ ನಾನೂರ ಹನ್ನೆರಡು ಇತ್ತು. ಇಪ್ಪತ್ತು ದಿನಕ್ಕೆ ಒಟ್ಟು ಮೂರು ಸಾವಿರದ ನೂರ ಎಂಟು. ಮರಿ ಸತ್ತ ದೊಡ್ಡ ಹಕ್ಕಿಗಳು ಬಂಡೆ ಬಿಟ್ಟು ಹಾರಿಹೋಗಿವೆ.

"ಕಮ್ಮಿಯಾಗ್ತಿದೆ ಅಂತ ಕಚೇರಿಯವರು ಫೋನಲ್ಲಿ ಖುಷಿಯಾದ್ರು," ಎನ್ನುತ್ತಾರೆ ಅಕ್ಕ. "ಸಾಯೋಕೆ ಹಕ್ಕಿ ಉಳಿದಿದ್ರೆ ತಾನೇ ಸ್ವಾಮಿ ಜಾಸ್ತಿಯಾಗೋದು ಅಂದೆ. ಫೋನ್ ಇಟ್ಬಿಟ್ರು."

ಈ ಹಕ್ಕಿಗೆ ತಲೆಯ ಮೇಲೆ ಕಪ್ಪು ಜುಟ್ಟು, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಊರಲ್ಲಿ ಎಲ್ಲರೂ ಜುಟ್ಟಿನಕ್ಕಿ ಎನ್ನುವುದು. ವರ್ಷದ ಬಹುಪಾಲು ಎಲ್ಲೆಲ್ಲಿಯೋ ಕಡಲ ಮೇಲೆ ಇದ್ದು, ಬೇಸಿಗೆಗೆ ಮೊಟ್ಟೆಯಿಡಲು ಈ ಎರಡು ಬಂಡೆಗಳಿಗೆ ಬರುತ್ತದೆ. ದೊಡ್ಡಬಂಡೆ ದಡದಿಂದ ಅರ್ಧ ಗಂಟೆಯ ಹುಟ್ಟಿನ ದಾರಿ. ಅದರಾಚೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಕಿರುಬಂಡೆ, ಎತ್ತರದ್ದು, ತಲೆ ಚಪ್ಪಟೆ. ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಮರಿಗಳು ನಾಲ್ಕು ದಿನ ತುಂಬುವುದರೊಳಗೆ ಕುರಿಮಂದೆಯ ಹಾಗೆ ಒಟ್ಟಿಗೆ ಸೇರಿಬಿಡುತ್ತವೆ. ಸಾವಿರ ಮರಿ ಕೂಗುತ್ತಿದ್ದರೂ ಮೀನು ಹಿಡಿದು ತಂದ ತಾಯಿ ತನ್ನದರ ದನಿ ಹಿಡಿದು ನೇರ ಅದರ ಬಾಯಿಗೇ ಇಳಿಯುತ್ತದೆ.

ನಾವು ಚಿಕ್ಕವರಿದ್ದಾಗ ಊರಲ್ಲಿ ಆ ಮೊಟ್ಟೆ ಕದಿಯದ ಮನೆಯೇ ಇರಲಿಲ್ಲ. ಲೆಕ್ಕದಕ್ಕನೂ ಎಂಟು ವರ್ಷದವರಿದ್ದಾಗ ಅವರಮ್ಮನ ಜೊತೆ ಬಂಡೆಗೆ ಹೋಗಿ ಲಂಗದ ತುಂಬ ಮೊಟ್ಟೆ ತುಂಬಿಕೊಂಡು ಬರುತ್ತಿದ್ದವರೇ. ಅವರಿಗೆ ಇಪ್ಪತ್ತೇಳು ತುಂಬುವ ಹೊತ್ತಿಗೆ ಹಕ್ಕಿ ಬರುವುದು ನಿಂತೇಹೋಗುವ ಹಾಗಾಗಿ, ಅರಣ್ಯ ಇಲಾಖೆಯವರು ಕಾವಲಿಗೆ ಜನ ಹುಡುಕಿದರು. ಗಂಡಸರು ಯಾರೂ ಒಪ್ಪಲಿಲ್ಲ. ಬಂಡೆಯ ಮೇಲೆ ನೆರಳಿಲ್ಲ, ಕೆಲಸ ಕಾಯಂ ಅಲ್ಲ, ಮೇಲಾಗಿ ಹಕ್ಕಿಗಳು ತಲೆಯ ಮೇಲೆ ಹೇತು ಹೋಗುತ್ತವೆ.

"ಕಳ್ಳಿ ಕೈಗೇ ಬೀಗದ ಕೈ ಕೊಟ್ರು," ಎಂದು ಅಕ್ಕ ಆ ದಿನವನ್ನು ನೆನೆಯುತ್ತಾರೆ. "ಮೊದಲ ಬೇಸಿಗೇಲಿ ನೂರ ತೊಂಬತ್ತು ಗೂಡು. ನಮ್ಮ ಚಿಕ್ಕಪ್ಪನ ಬುಟ್ಟೀನೇ ಕಿತ್ಕೊಂಡು ಕಡಲಿಗೆ ಎಸೆದಿದ್ದೆ. ಆರು ವರ್ಷ ಮನೆ ಮೆಟ್ಟಿಲು ಹತ್ತಲಿಲ್ಲ ಆಸಾಮಿ."

ಈ ವರ್ಷ ದೊಡ್ಡಬಂಡೆಯ ಮೇಲೆ ಎರಡು ಸಾವಿರದ ಮುನ್ನೂರ ನಲವತ್ತು ಗೂಡು, ಕಿರುಬಂಡೆಯ ಮೇಲೆ ನೂರ ಅರವತ್ತು.

ಇಷ್ಟಾಗಲು ಕಾವಲೊಂದೇ ಕಾರಣವಲ್ಲ. ದೊಡ್ಡಬಂಡೆಯ ತೆಂಕಣ ಅಂಚು ತಗ್ಗು. ಹುಣ್ಣಿಮೆಯ ದೊಡ್ಡ ಉಬ್ಬರ ಬಂದಾಗ ಅಲ್ಲಿಗೆ ನೀರೇರಿ, ಹಾರಲು ಬಾರದ ಮರಿಗಳನ್ನು ಎಳೆದುಕೊಂಡು ಹೋಗುತ್ತದೆ. ಎರಡನೆಯ ವರ್ಷ ಅದನ್ನು ಕಣ್ಣಾರೆ ಕಂಡ ಅಕ್ಕ, ಯಾರೂ ಹೇಳಿಕೊಡದೆ, ನೀರಿಗೆ ಸಿಕ್ಕುವ ಮರಿಗಳನ್ನು ಬುಟ್ಟಿಗೆ ತುಂಬಿ ಕಿರುಬಂಡೆಗೆ ದಾಟಿಸಿದರು. ಸಂಜೆಯೊಳಗೆ ತಾಯಂದಿರು ದನಿ ಹಿಡಿದು ಅಲ್ಲಿಗೇ ಬಂದವು. ಅಂದಿನಿಂದ ಪ್ರತಿ ಹುಣ್ಣಿಮೆಗೆ ನಲವತ್ತೋ ಐವತ್ತೋ ಮರಿ ದಾಟುತ್ತಿದ್ದವು. ಇಲಾಖೆಯ ಯಾವ ಕಾಗದದಲ್ಲೂ ಈ ಕೆಲಸ ಬರೆದಿಲ್ಲ.

ಈ ಬಾರಿಯ ಹುಣ್ಣಿಮೆ ಬಿದ್ದದ್ದು ಶನಿವಾರ, ಮೊದಲ ಹಕ್ಕಿ ಸತ್ತ ಮೂರನೆಯ ದಿನ.

ದೋಣಿಯಲ್ಲಿ ಚೀಲಗಳ ನಡುವೆ ಕೂತು, ಕೈಗವಸು ಬಿಚ್ಚಿ, ಅಕ್ಕ ಅದನ್ನು ತಾವಾಗಿಯೇ ಹೇಳುತ್ತಾರೆ. ಇದನ್ನೂ ಬರೆಯಲೇಬೇಕು ಎಂದು ನನಗೆ ಹೇಳುತ್ತಾರೆ.

"ಶುಕ್ರವಾರ ಏಳು ಬಿದ್ದಿದ್ವು. ನೋಡ್ದೆ. ನೋಡಿಯೂ ಶನಿವಾರ ಬುಟ್ಟಿ ಎತ್ತಿದೆ. ತಗ್ಗಲ್ಲಿದ್ದ ಮರಿಗಳು ಗಡಗಡ ನಡುಗ್ತಿದ್ವು. ನೀರಲ್ಲಿ ನೆಂದಿದಾವೆ, ಚಳಿ ಅಂದ್ಕೊಂಡೆ. ಪ್ರತಿ ವರ್ಷವೂ ನೆಂದ ಮರಿ ಹಾಗೇ ನಡುಗೋದು. ಸೆರಗಲ್ಲಿ ಸುತ್ತಿ ಬೆಚ್ಚಗೆ ಮಾಡಿ, ಒಂದೊಂದನ್ನೇ ಬುಟ್ಟಿಗಿಟ್ಟೆ. ಅರವತ್ತಮೂರು. ಆರು ಸಲ ದಾಟಿಸಿದ್ವಿ. ಕಿರುಬಂಡೇಲಿ ಅವತ್ತಿನವರೆಗೆ ಒಂದು ಹಕ್ಕೀನೂ ಸತ್ತಿರ್ಲಿಲ್ಲ."

ಸೋಮವಾರ ದೊಡ್ಡಬಂಡೆಯಲ್ಲಿ ನೂರರ ಮೇಲೆ ಬಿದ್ದವು. ಮಂಗಳವಾರ ಪಶುವೈದ್ಯರು ಬಂದು ಮಾದರಿ ತೆಗೆದುಕೊಂಡು ಹೋದರು. ಹಕ್ಕಿಜ್ವರ ಎಂದು ತಿಳಿದುಬಂದದ್ದು ಹತ್ತನೆಯ ದಿನ. ಕಿರುಬಂಡೆಯಲ್ಲಿ ಮೊದಲ ಸಾವು ಕಂಡದ್ದು ಅದರ ಹಿಂದಿನ ದಿನ.

ವೈದ್ಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನ ಗಂಟಲನ್ನೂ ಯಜಮಾನರ ಗಂಟಲನ್ನೂ ಮೂರು ಸಲ ಪರೀಕ್ಷೆ ಮಾಡಿಸಿದ್ದಾರೆ. ರೋಗವಿಲ್ಲ. "ಅಕ್ಕಾ, ಜುಟ್ಟಿನಕ್ಕಿ ದಿನಕ್ಕೆ ಹತ್ತು ಸಲ ಎರಡು ಬಂಡೆ ಮಧ್ಯೆ ಹಾರತ್ತೆ. ನೀವು ದಾಟಿಸದಿದ್ರೂ ರೋಗ ದಾಟ್ತಿತ್ತು. ಸುಮ್ಮನೆ ನಿಮ್ಮ ಮೇಲೆ ಹಾಕ್ಕೋಬೇಡಿ," ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ.

"ದಾಟ್ತಿತ್ತೇನೋ," ಎನ್ನುತ್ತಾರೆ ಅಕ್ಕ. "ಓದಿದ ಹುಡುಗಿ, ಸುಳ್ಳು ಯಾಕೆ ಹೇಳ್ತಾಳೆ. ಆದ್ರೆ ಬುಟ್ಟಿ ನನ್ನ ಕೈಲಿತ್ತು."

"ಮೂವತ್ತು ವರ್ಷ ದಾಟಿಸಿ ಬದುಕಿಸಿದ್ದನ್ನ ಯಾವನೂ ಕೇಳ್ಲಿಲ್ಲ," ಎಂದು ಹುಟ್ಟಿನ ಕಡೆಯಿಂದ ಯಜಮಾನರು ಗೊಣಗುತ್ತಾರೆ. "ಒಂದು ಸಲ ತಪ್ಪಿದ್ದನ್ನ ನೀನೇ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಾ."

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

"ದೋಣಿ ನಡೆಸಿದ್ದು ನಾನೇ ಅಲ್ವೇನೆ?"

ಅಕ್ಕ ದುರ್ಬೀನಿನ ಗಾಜು ಒರೆಸತೊಡಗುತ್ತಾರೆ.

ಈಗ ಅವರ ಜೀವವೆಲ್ಲ ಇರುವುದು ಕಿರುಬಂಡೆಯ ಮೇಲೆ. ಅಲ್ಲಿ ಕಾಲಿಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಉಳಿದವು ಬೆದರಿ ಚದುರಿದರೆ ಮರಿಗಳು ಉಪವಾಸ ಸಾಯುತ್ತವೆ. ಹಾಗಾಗಿ ಅಲ್ಲಿ ಸತ್ತವು ಸತ್ತಲ್ಲೇ ಇವೆ. ದೊಡ್ಡಬಂಡೆಯ ಕೆಲಸ ಮುಗಿದ ಮೇಲೆ ದಿನವೂ ಮೂವತ್ತು ಮಾರು ದೂರದಲ್ಲಿ ದೋಣಿ ನಿಲ್ಲಿಸಿ, ಅಕ್ಕ ದುರ್ಬೀನು ಹಿಡಿಯುತ್ತಾರೆ. ಅಲ್ಲಿಯ ಮರಿಗಳೂ ದಾಟಿಸಿದವೂ ಸೇರಿ ಇನ್ನೂರರ ಮೇಲಿದ್ದವು. ಇವತ್ತು ಹನ್ನೊಂದು. ರೆಕ್ಕೆಯ ಗರಿ ಬಲಿತಿವೆ, ಗಾಳಿಗೆ ರೆಕ್ಕೆ ಬಿಚ್ಚಿ ಕುಪ್ಪಳಿಸುತ್ತಿವೆ. ಮರಿ ಹಾರಲು ನಲವತ್ತು ದಿನ ತುಂಬಬೇಕು.

"ಇನ್ನೆಂಟು ದಿನ," ಎನ್ನುತ್ತಾರೆ ಅಕ್ಕ, ದುರ್ಬೀನು ಇಳಿಸದೆ. "ಹನ್ನೊಂದೂ ಬೇಡ. ಎರಡು ಹಾರಿಬಿಡ್ಲಿ. ಎರಡೇ ಎರಡು. ನಾನು ಈ ಕೆಲಸ ಬಿಟ್ಟು ಮನೇಲಿ ಕೂತ್ಕೋತೀನಿ."

ಮನೆಯೆಂದರೆ ಮೀನು ಇಳಿಸುವ ಕಟ್ಟೆಯ ಹಿಂದಿನ ಎರಡು ಕೋಣೆ. ಸದ್ಯಕ್ಕೆ ಅದೂ ಅವರದಲ್ಲ. ಮಗಳು ಎರಡು ವರ್ಷದ ಕೂಸಿನೊಂದಿಗೆ ಅಲ್ಲಿದ್ದಾಳೆ. ಕೂಸಿಗೆ ರೋಗ ತಾಗದಿರಲೆಂದು ಅಕ್ಕ, ಯಜಮಾನರು ಇಬ್ಬರೂ ಬಲೆ ಇಡುವ ಕೊಟ್ಟಿಗೆಯಲ್ಲಿ ಮಲಗುತ್ತಾರೆ. ಹಿತ್ತಲಿನಲ್ಲೇ ಬಿಸಿನೀರು, ಸಾಬೂನು, ಬಟ್ಟೆಗೆ ಬೇರೆ ಬಕೀಟು. ತಟ್ಟೆಯನ್ನು ಮಗಳು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ.

"ಅಮ್ಮಾ, ಒಂದು ತುತ್ತಾದ್ರೂ ಜಾಸ್ತಿ ತಿನ್ನು. ನಿನ್ನ ಹಾಗೆ ಎಣಿಸೋಕೆ ನಂಗೆ ಬರಲ್ಲ, ಆದ್ರೂ ನಿನ್ನ ಮೂಳೆ ಎಣಿಸ್ಬಹುದು ಈಗ."

ಅಕ್ಕ ತಟ್ಟೆ ತೆಗೆದುಕೊಂಡು ಕೂಸಿಗೆ ದೂರದಿಂದಲೇ ಕೈಯಾಡಿಸುತ್ತಾರೆ. ಕೂಸು ಅಳುತ್ತದೆ.

ಊರಿನಲ್ಲಿ ಮೀನಿನ ವ್ಯಾಪಾರ ಬಿದ್ದಿದೆ. ಮೀನಿನಿಂದ ಈ ಜ್ವರ ಬರುವುದಿಲ್ಲವೆಂದು ವೈದ್ಯರು ಕಟ್ಟೆಯ ಮೇಲೆ ನಿಂತು ಹೇಳಿದರೂ ಕೊಳ್ಳುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಸಿಟ್ಟು ಅಕ್ಕನ ಕಡೆಗೂ ತಿರುಗಿದೆ. ಚಹಾದಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ, ಅವರಿಗೆ ಮಾತ್ರ ಕಾಗದದ್ದು. "ಹಕ್ಕಿ ಕಾಯ್ದು ಕಾಯ್ದು ಊರಿಗೆ ಜ್ವರ ತಂದ್ಲು," ಎಂದು ಬಲೆ ನೇಯುವವರೊಬ್ಬರು ಅವರ ಎದುರಿಗೇ ಆಡಿದರು. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಒಂದು ಕಾಲದಲ್ಲಿ ಸ್ವಂತ ಚಿಕ್ಕಪ್ಪನ ಬುಟ್ಟಿ ಕಿತ್ತುಕೊಂಡ ಹೆಂಗಸು, ಕಾಗದದ ಲೋಟ ಹಿಡಿದು ಎದ್ದು ಹೋದರು.

ಮರುದಿನ ಬುಧವಾರ ಕಿರುಬಂಡೆಯ ಹನ್ನೊಂದು ಮರಿಗಳೂ ಇದ್ದವು. ಗುರುವಾರ ಒಂಬತ್ತು. ಶುಕ್ರವಾರವೂ ಒಂಬತ್ತೇ. ಅಂದು ಅಕ್ಕ ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡರು ಎಂದು ಯಜಮಾನರು ದೊಡ್ಡ ಸುದ್ದಿಯಂತೆ ಹೇಳಿದರು. ಶನಿವಾರ ನಾಲ್ಕು. ಆ ನಾಲ್ಕರಲ್ಲಿ ಒಂದು ನಿಂತಲ್ಲೇ ಗಿರಗಿರನೆ ಸುತ್ತುತ್ತಿತ್ತು. ಭಾನುವಾರ ಎರಡು. ಎರಡೂ ಗಟ್ಟಿಯಾಗಿದ್ದವು, ಒಂದು ಅಂಚಿನವರೆಗೆ ಓಡಿ ರೆಕ್ಕೆ ಬಡಿದು ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ಅಕ್ಕ ದೋಣಿಯಲ್ಲಿ ಎದ್ದು ನಿಂತುಬಿಟ್ಟರು. ಯಜಮಾನರು ಅವರ ಅಂಗಿ ಹಿಡಿದು ಕೂರಿಸಬೇಕಾಯಿತು.

ಸೋಮವಾರ ಒಂದು. ಅದು ಕೂತಿತ್ತು. ಕೊಕ್ಕು ನೆಲಕ್ಕೆ ತಾಗಿತ್ತು. ತಾಯಿ ಬಾಯಲ್ಲಿ ಮೀನು ಹಿಡಿದು ಎದುರಿಗೆ ನಿಂತಿತ್ತು. ಮರಿ ಕೂಗಲಿಲ್ಲ. ಅಕ್ಕ ಒಂದು ಗಂಟೆ ನೋಡಿದರು.

"ನಡುಗ್ತಿದೆ ರೀ," ಎಂದರು.

"ಗಾಳಿ ಇದೆ ಕಣೇ."

"ಗಾಳಿಯಲ್ಲ."

ಮಂಗಳವಾರ ಮರಿಯಿರಲಿಲ್ಲ. ದೊಡ್ಡ ಹಕ್ಕಿಗಳು ಹತ್ತೊಂಬತ್ತು ಉಳಿದಿದ್ದವು. ಅವುಗಳಲ್ಲಿ ಕೆಲವು ಇನ್ನೂ ಮೀನು ತಂದು, ಬಂಡೆಯ ಮೇಲೆ ಒಂದು ಸುತ್ತು ಹಾರಿ, ದನಿ ಸಿಗದೆ, ಮೀನು ಹಿಡಿದುಕೊಂಡೇ ಕೂರುತ್ತಿದ್ದವು.

ಮುಂದಿನ ಬೇಸಿಗೆಗೆ ಏನು ಮಾಡುತ್ತೀರಿ ಎಂದು ಕೇಳಿದರೆ ಅಕ್ಕ ದುರ್ಬೀನನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಮೂವತ್ತೊಂದು ವರ್ಷ, ಮೊದಲ ಹಕ್ಕಿ ಯಾವತ್ತು ಬರುತ್ತದೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಡದಲ್ಲಿ ಕಾದವರು.

"ಬರಬಾರ್ದು," ಎನ್ನುತ್ತಾರೆ ಕೊನೆಗೆ. "ಉಳಿದಿರೋ ನಾಲ್ಕಾರು ಹಕ್ಕಿ ಬೇರೆ ಯಾವ್ದಾದ್ರೂ ಬಂಡೆ ನೋಡ್ಕೊಳ್ಲಿ. ಮನುಷ್ಯರ ಕೈ ತಾಗದ ಕಡೆ ಹೋಗ್ಲಿ. ನನಗಿರೋದು ಅದೊಂದೇ ಆಸೆ."

ಬುಧವಾರ ಬೆಳಗ್ಗೆ ಆರು ಗಂಟೆಗೆ ಕಿರುಬಂಡೆಯ ಹತ್ತೊಂಬತ್ತು ಹಕ್ಕಿಗಳು ಒಟ್ಟಿಗೆ ಎದ್ದು, ತೆಂಕಣ ಕಡೆಗೆ ಹೊರಟುಹೋದವು. ಅವುಗಳ ಹಿಂದೆ ಮರಿ ಒಂದೂ ಹಾರಲಿಲ್ಲ.