ಸಂಜೆಯೊಳಗೆ

ಮೂವತ್ತೊಂದು ವರ್ಷ ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರಿನ ನರ್ಸುಗಳ ಪಾಳಿ ನೋಡಿಕೊಂಡವಳು ನಾನು. ಏಳು ಗಂಟೆಯ ಕೇಸು ಏಳಕ್ಕೇ ಶುರುವಾಗಬೇಕು. ನಿವೃತ್ತಳಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮಗಳನ್ನು ಕೊಟ್ಟ ಯಹೂದಿ ಮನೆಯವರಿಗೆ ಇದು ಗೊತ್ತು. ಮುಂಬೈ ಕಡೆಯ ಯಹೂದಿಗಳ ಗುಂಪೊಂದು ಹತ್ತು ದಿನದ ಪ್ರವಾಸಕ್ಕೆ ಇಲ್ಲಿಗೆ ಬಂದಾಗ, ಹಿಂದಿ ಬಲ್ಲವರು, ಹೊತ್ತಿಗೆ ಸರಿಯಾಗಿ ಜನರನ್ನು ಹೊರಡಿಸಬಲ್ಲವರು ಬೇಕೆಂದು ಬೀಗಿತ್ತಿ ನನ್ನನ್ನೇ ಕೇಳಿದರು. ಒಪ್ಪಿಕೊಂಡೆ.

ಗುಂಪಿನಲ್ಲೊಬ್ಬರು ಮುದುಕರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಷಾಪಿನಲ್ಲಿ ದುಡಿದವರು. ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಮೊದಲ ದಿನವೇ ನನ್ನ ಬಳಿ ಬಂದರು. ಅವರ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಪ್ರವಾಸದ ಕೊನೆಯ ದಿನವೇ, ಅವರ ಪಂಚಾಂಗದ ಪ್ರಕಾರ, ವರ್ಷದ ತಿಥಿ. ಅಂದು ಸತ್ತವರ ಹೆಸರಿನಲ್ಲಿ ಕದ್ದಿಶ್ ಎಂಬ ಪ್ರಾರ್ಥನೆ ಹೇಳಬೇಕು. ಅದಕ್ಕೆ ಹತ್ತು ಗಂಡಸರು ಕೂಡಬೇಕು.

"ಸಂಜೀ ಒಳಗ ಆಗಬೇಕ್ರಿ ಅಕ್ಕಾರ," ಅಂದರು.

ನಾನು ನನ್ನ ಪಟ್ಟಿಯಲ್ಲಿ ಬರೆದುಕೊಂಡೆ: ಕೊನೆಯ ದಿನ, ಆರೂವರೆ, ಏರ್‌ಪೋರ್ಟ್, ಪ್ರಾರ್ಥನೆ. ಮೈಸೂರಿನ ನಮ್ಮ ಮನೆಯಲ್ಲಿ ಆರೂವರೆ ಎಂದರೆ ದೀಪ ಹಚ್ಚುವ ಹೊತ್ತು, ಸಂಜೆಯೇ. ದಿನವೆಂದರೆ ಮರುದಿನ ಸೂರ್ಯ ಹುಟ್ಟುವವರೆಗೆ. ಅವರ ದಿನ ಸೂರ್ಯ ಮುಳುಗಿದೊಡನೆ ಮುಗಿಯುತ್ತದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನವೆಂಬರ್ ತಿಂಗಳು. ಐದಕ್ಕೆಲ್ಲ ಕತ್ತಲು. ಕೊನೆಯ ದಿನದ ಹಿಂದಿನ ರಾತ್ರಿಯೂ ಅಂದು ಬೆಳಿಗ್ಗೆಯೂ ಗಂಡಸರು ಅಂಗಡಿಗಳಿಗೆ ಚದುರಿದ್ದರಿಂದ ಮುದುಕರಿಗೆ ಹತ್ತು ಜನ ಸಿಕ್ಕಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಫೋರ್ಟ್ ಲೀಯ ಹೋಟೆಲಿನ ಮುಂದೆ ಎರಡು ವ್ಯಾನಿಗೆ ಪೆಟ್ಟಿಗೆ ಏರಿಸುವಾಗ ಹನ್ನೊಂದು ಗಂಡಸರೂ ಅಲ್ಲೇ ಇದ್ದರು.

"ಎಲ್ಲಾರೂ ಅದಾರ ಅಕ್ಕಾರ. ಹತ್ತ ನಿಮಿಷ ಕೊಡ್ರಿ, ಮುಗಿಸಿಬಿಡ್ತೀವಿ."

"ಅದಕ್ಕೆ ಟೈಮ್ ಹಾಕಿದೀನಿ ಯಜಮಾನ್ರೇ, ಏರ್‌ಪೋರ್ಟಲ್ಲಿ. ಈಗ ಬ್ರಿಡ್ಜ್ ಜಾಮ್ ಆಗತ್ತೆ. ಹತ್ತಿ."

"ಹೊತ್ತ ಮುಳಗ್ತೈತ್ರಿ."

"ಮುಳುಗಲಿ ಬಿಡಿ. ಸೂರ್ಯನ್ನ ಕೇಳ್ಕೊಂಡು ಫ್ಲೈಟ್ ಹೊರಡಲ್ಲ."

ಗುಂಪಿನ ಮುಖಂಡ ಸತ್ತಾಕೆಯ ಸ್ವಂತ ತಮ್ಮ. ನಮ್ಮ ಮಾತು ಏನೆಂದು ಊಹಿಸಿ ಹಿಂದಿಯಲ್ಲಿ ಅಂದ: "ಬದುಕಿದ್ದಾಗ ನಮ್ಮಕ್ಕನನ್ನು ದಿನಾ ಕಾಯಿಸಿದ್ದೇ ಕಾಯಿಸಿದ್ದು. ಈಗೇನು ಅವಸರ ಭಾವ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಏರ್‌ಪೋರ್ಟಿಗೆ ಹೋಗಲು ನದಿ ದಾಟುವ ಸೇತುವೆಯ ನಡುವೆ ಯಾವುದೋ ಟ್ರಕ್ಕು ಕೆಟ್ಟು ನಿಂತಿತ್ತು. ಒಂದು ಗಂಟೆಯ ಮೇಲೆ ನಾವು ಅಲುಗಾಡಲಿಲ್ಲ. ನಮ್ಮ ವ್ಯಾನಿನಲ್ಲಿ ಆರು ಗಂಡಸರು. ಉಳಿದ ಐವರ ವ್ಯಾನು ನಾಲ್ಕೇ ಕಾರುಗಳ ಹಿಂದೆ ಕಾಣುತ್ತಿತ್ತು. ಮುದುಕರು ಕೊನೆಯ ಸೀಟಿನ ಮೇಲೆ ಮೊಣಕಾಲೂರಿ, ಹಿಂದಿನ ಗಾಜಿಗೆ ಮುಖವಿಟ್ಟಿದ್ದರು. ಫೋರ್ಟ್ ಲೀಯ ಎತ್ತರದ ಕಟ್ಟಡಗಳ ಸಂದಿಯಲ್ಲಿ ಸೂರ್ಯ ಇಳಿಯುತ್ತಿದ್ದ.

"ಅವರನ್ನ ಇಲ್ಲಿ ಕರೀರಿ ಅಕ್ಕಾರ. ನಾಕ ಹೆಜ್ಜಿ. ಗಾಡಿ ಹೆಂಗೂ ನಿಂತೈತಿ."

"ಬ್ರಿಡ್ಜ್ ಮೇಲೆ ಯಾರೂ ಇಳಿಯೋ ಹಾಗಿಲ್ಲ. ಈ ಕಡೆ ತಿರುಗಿ, ಬೆಲ್ಟ್ ಹಾಕ್ಕೊಳ್ಳಿ."

ತಿರುಗಿ ಕೂತು ಬೆಲ್ಟ್ ಹಾಕಿಕೊಂಡರು. ಅವರ ತಲೆಯ ಹಿಂದೆ ಗಾಜು ಕೆಂಪಾಯಿತು, ಬೂದು ಬಣ್ಣಕ್ಕೆ ತಿರುಗಿತು, ಕಪ್ಪಾಯಿತು.

ಆರಕ್ಕೆ ಮುಟ್ಟಿದೆವು. ವಿಮಾನವಿದ್ದದ್ದು ಹನ್ನೊಂದಕ್ಕೆ. ಕೌಂಟರ್ ಇನ್ನೂ ತೆರೆದಿರಲಿಲ್ಲ. ಆರೂವರೆಗೆ ಸರಿಯಾಗಿ ಗಂಡಸರನ್ನು ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದೆ.

"ಬನ್ನಿ ಯಜಮಾನ್ರೇ. ಹೇಳಿದ ಟೈಮು, ಹೇಳಿದಷ್ಟು ಜನ."

ಅವರು ಪೆಟ್ಟಿಗೆಯ ಮೇಲಿಂದ ಏಳಲಿಲ್ಲ. "ನಿಮಗ ಇನ್ನೂ ಇವತ್ತು ಐತಿ. ನಮಗ ಹೊತ್ತ ಮುಳಗಿದ್ದಕ್ಕ ನಾಳೆ ಆತ್ರಿ. ಆಕೀ ದಿನಾ ಹೋತು."

ಸಂಜೆಯೊಳಗೆ ಎಂದರೆ ಏನೆಂದು ನನಗೆ ಆಗ ತಿಳಿಯಿತು. ತಪ್ಪಾಯಿತು ಎನ್ನಬಹುದಿತ್ತು. ಆದರೆ ಅಷ್ಟು ಜನರನ್ನು ಕೂಡಿಸಿದ್ದು ವ್ಯರ್ಥವಾಯಿತಲ್ಲ ಎಂಬ ಸಿಟ್ಟೇ ಮೊದಲು ಬಂತು.

"ಹಾಗಿದ್ರೆ ಮುಂದಿನ ವರ್ಷ ಮಾಡಿ," ಅಂದೆ.

"ಎಂಬತ್ತೆಂಟು ನಡದೈತ್ರಿ ನನಗ. ಮಕ್ಕಳಿಲ್ಲ." ದೂರಿನ ದನಿಯಿರಲಿಲ್ಲ. ಆಸ್ಪತ್ರೆಯ ಫಾರಮ್ಮಿಗೆ ವಿವರ ಕೊಡುವವರ ಹಾಗೆ ಹೇಳಿದರು.

ಗಂಡಸರು ಇನ್ನೂ ಸಾಲಿನಲ್ಲೇ ನಿಂತಿದ್ದರು. ಪ್ರಾರ್ಥನೆ ಇಲ್ಲವಾದರೆ ಕಾಫಿಗೆ ಹೋಗಬಹುದೇ ಎಂದು ಮುಖಂಡ ಕೇಳಿದ. ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕೊಟ್ಟೆ.